ಲಿನಕ್ಸ್ ಕ್ಲೌಡ್ ಸರ್ವರುಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಡ್ರೈವರ್

ಗ್ರಾಫಿಕ್ಸ್ ಕಾರ್ಡ್ ಡ್ರೈವರ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿಗೂ ಯಂತ್ರದೊಳಗಿನ ಗ್ರಾಫಿಕ್ಸ್ ಸಂಸ್ಕಾರಕಕ್ಕೂ, ಅಂದರೆ ಜಿಪಿಯುವಿಗೂ, ನಡುವೆ ನಿಂತು ಕೆಲಸ ದಾಟಿಸುವ ತಂತ್ರಾಂಶ. ಮನೆಯ ಕಂಪ್ಯೂಟರಿನಲ್ಲಿ ಅದರ ಮುಖ್ಯ ಕೆಲಸ ಪರದೆಯ ಮೇಲೆ ಚಿತ್ರ ಮೂಡಿಸುವುದು. ಬಾಡಿಗೆಗೆ ಪಡೆದ ಕ್ಲೌಡ್ ಸರ್ವರಿಗೆ ಪರದೆಯೇ ಇರುವುದಿಲ್ಲ. ಎನ್‌ವಿಡಿಯಾ ಕಂಪನಿಯ ಎಚ್100ರಂಥ ಕಾರ್ಡಿಗೆ ಮಾನಿಟರ್ ಸಿಕ್ಕಿಸುವ ಕಿಂಡಿಯನ್ನೂ ಇಟ್ಟಿಲ್ಲ. ಅಲ್ಲಿ ಜಿಪಿಯು ದುಡಿಯುವುದು ಲೆಕ್ಕಕ್ಕಾಗಿ: ಭಾಷಾ ಮಾದರಿಗಳ ತರಬೇತಿ, ಮಾತನ್ನು ಬರಹಕ್ಕಿಳಿಸುವುದು, ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ತೆಗೆಯುವುದು, ಹವಾಮಾನದ ಅಂದಾಜು. ಹೀಗಾಗಿ ಇಂಥ ಸರ್ವರಿನಲ್ಲಿ ಡ್ರೈವರ್ ಹಾಕುವುದನ್ನು ಮನೆಯ ಯಂತ್ರದ ಅಭ್ಯಾಸದಿಂದ ನೋಡಿದರೆ ದಾರಿ ತಪ್ಪುತ್ತದೆ. ಮನೆಯಲ್ಲಿ ಡ್ರೈವರ್ ಒಮ್ಮೆ ಹಾಕಿ ಮರೆಯುವ ವಸ್ತು. ಕ್ಲೌಡಿನಲ್ಲಿ ಅದು ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು), ಡ್ರೈವರ್, ಲೈಬ್ರರಿ ಮತ್ತು ಕೆಳಗಿನ ವರ್ಚುವಲ್ ಯಂತ್ರದ ಪದರ ಇವುಗಳ ನಡುವೆ ದಿನವೂ ಕಾಯಬೇಕಾದ ಒಂದು ಹೊಂದಾಣಿಕೆ. ಆ ಹೊಂದಾಣಿಕೆಯನ್ನು ಕಾಯುವ ಹೊಣೆಯನ್ನು ಮನುಷ್ಯನ ಕೈಗೆ ಬಿಡದೆ ಲಿನಕ್ಸ್ ವಿತರಣೆಯ ಪ್ಯಾಕೇಜ್ ವ್ಯವಸ್ಥೆಗೆ ಒಪ್ಪಿಸಬೇಕು, ಏಕೆಂದರೆ ಕೆಟ್ಟಾಗ ಆ ಯಂತ್ರದ ಮುಂದೆ ಹೋಗಿ ಕೂರಲು ಯಾರಿಗೂ ಆಗುವುದಿಲ್ಲ. ಈ ಲೇಖನದ ವಾದ ಇದು.

ಭಾರತದಲ್ಲಿ ಇಂಥ ಯಂತ್ರಗಳು ದಟ್ಟವಾಗಿ ನೆಲೆಸಿರುವುದು ಥಾಣೆ ಖಾರಿಯ ಪೂರ್ವ ದಂಡೆಯಲ್ಲಿ. ಒಂದು ಕಾಲಕ್ಕೆ ರಾಸಾಯನಿಕ ಕಾರ್ಖಾನೆಗಳಿಗೆ ಹೆಸರಾಗಿದ್ದ ಥಾಣೆ-ಬೇಲಾಪುರ ರಸ್ತೆಯ ಕೈಗಾರಿಕಾ ಪಟ್ಟಿಯಲ್ಲಿ, ಐರೋಲಿ, ರಬಾಳೆ, ಮಹಾಪೆಗಳಲ್ಲಿ, ಈಗ ಡೇಟಾ ಸೆಂಟರುಗಳ ಸಾಲೇ ಇದೆ. ಸಮುದ್ರದಡಿಯ ಇಂಟರ್ನೆಟ್ ಕೇಬಲ್ಲುಗಳು ಮುಂಬಯಿ ಕರಾವಳಿಗೆ ಬಂದು ಸೇರುವುದು, ಬ್ಯಾಂಕುಗಳೂ ಷೇರುಪೇಟೆಯೂ ಹತ್ತಿರವಿರುವುದು, ಭಾರಿ ಪ್ರಮಾಣದ ವಿದ್ಯುತ್ ದೊರೆಯುವುದು ಇದಕ್ಕೆ ಕಾರಣ. ಮೈಕ್ರೋಸಾಫ್ಟಿನ ಅಜೂರ್ 2015ರಲ್ಲಿ, ಅಮೆಜಾನ್ 2016ರ ಜೂನ್‌ನಲ್ಲಿ, ಗೂಗಲ್ 2017ರಲ್ಲಿ ತಮ್ಮ ಮುಂಬಯಿ ವಲಯಗಳನ್ನು ತೆರೆದವು. ಹೀರಾನಂದಾನಿ ಸಮೂಹದ ಯೋಟ್ಟಾ ಕಂಪನಿ ಪನವೇಲಿನಲ್ಲಿ ಕಟ್ಟಿದ ಎನ್‌ಎಂ1 ಎಂಬ ಕೇಂದ್ರ 2020ರ ಜುಲೈನಲ್ಲಿ ಶುರುವಾಯಿತು. 2024ರಲ್ಲಿ ಅಲ್ಲಿಗೆ ಎಚ್100 ಜಿಪಿಯುಗಳು ಸಾವಿರಗಟ್ಟಲೆ ಬಂದಿಳಿದವು. ಉಲ್ಹಾಸನಗರದಲ್ಲೋ ಕಲ್ಯಾಣದಲ್ಲೋ ಲೋಕಲ್ ಹತ್ತಿ, ಥಾಣೆಯಲ್ಲಿ ಇಳಿದು ವಾಶಿ ಕಡೆಯ ಗಾಡಿ ಹಿಡಿದರೆ ಐರೋಲಿ, ಆಮೇಲೆ ರಬಾಳೆ. ಆದರೂ ಬಾಡಿಗೆದಾರನ ಮಟ್ಟಿಗೆ ಉಲ್ಹಾಸನಗರ ಆ ಯಂತ್ರಕ್ಕೆ ಬೀದರಿಗಿಂತ ಹತ್ತಿರವೇನೂ ಅಲ್ಲ. ನೆಟ್‌ವರ್ಕಿನ ವಿಳಂಬ ಕೆಲವು ಮಿಲಿಸೆಕೆಂಡ್ ಕಡಿಮೆಯಾಗುತ್ತದೆ ನಿಜ. ಒಳಗೆ ಹೋಗುವ ದಾರಿ ಮಾತ್ರ ಎಲ್ಲರಿಗೂ ಎಸ್‌ಎಸ್‌ಎಚ್ ಸಂಪರ್ಕವೊಂದೇ.

ಈ ಪ್ರದೇಶದ ಯಂತ್ರಗಳಿಗೂ ಕನ್ನಡಕ್ಕೂ ಇರುವ ನಂಟು ಹೇಳಿಕೊಳ್ಳುವಂಥದ್ದು. ಬೆಂಗಳೂರಿನ ಸರ್ವಂ ಎಐ 2024ರ ಅಕ್ಟೋಬರಿನಲ್ಲಿ ಹೊರತಂದ ಸರ್ವಂ-1 ಎಂಬ 200 ಕೋಟಿ ನಿಯತಾಂಕಗಳ ಭಾಷಾ ಮಾದರಿ ಇಂಗ್ಲಿಷಿನ ಜೊತೆಗೆ ಕನ್ನಡವೂ ಸೇರಿ 10 ಭಾರತೀಯ ಭಾಷೆಗಳನ್ನು ಕಲಿತದ್ದು. ಅದರ ತರಬೇತಿ ನಡೆದದ್ದು ಯೋಟ್ಟಾದ ಶಕ್ತಿ ಕ್ಲಸ್ಟರಿನಲ್ಲಿ, 1,024 ಎಚ್100 ಜಿಪಿಯುಗಳ ಮೇಲೆ, 5 ದಿನ. ಗುಣಿಸಿದರೆ ಸುಮಾರು 1,22,880 ಜಿಪಿಯು-ಗಂಟೆ. ಕನ್ನಡದಂಥ ಭಾಷೆಗೆ ಈ ಗಂಟೆಗಳ ಬೆಲೆ ಇಂಗ್ಲಿಷಿಗಿಂತ ಹೆಚ್ಚು. ಪರದೇಶದ ಬಹುಭಾಷಾ ಮಾದರಿಗಳು ಭಾರತೀಯ ಭಾಷೆಯ ಒಂದು ಪದವನ್ನು 4ರಿಂದ 8 ತುಂಡುಗಳಾಗಿ ಒಡೆದು ಓದುತ್ತಿದ್ದವು, ಸರ್ವಂ-1 ಅದನ್ನು 1.4ರಿಂದ 2.1ಕ್ಕೆ ಇಳಿಸಿತು ಎಂದು ಅದನ್ನು ಕಟ್ಟಿದವರೇ ದಾಖಲಿಸಿದ್ದಾರೆ. ತುಂಡು ಹೆಚ್ಚಾದಷ್ಟೂ ಲೆಕ್ಕ ಹೆಚ್ಚು, ಲೆಕ್ಕ ಹೆಚ್ಚಾದಷ್ಟೂ ಬಾಡಿಗೆ ಹೆಚ್ಚು. ಇನ್ನು ಎಚ್100 ಸಾಮಾನ್ಯವಾಗಿ 8ರ ಗುಂಪಿನಲ್ಲಿ ಬರುತ್ತದೆ. ಆ ಲೆಕ್ಕಕ್ಕೆ 1,024 ಜಿಪಿಯು ಎಂದರೆ 128 ಸರ್ವರ್. ಅಷ್ಟರಲ್ಲೂ ಒಂದೇ ಆವೃತ್ತಿಯ ಡ್ರೈವರ್, ಒಂದೇ ಆವೃತ್ತಿಯ ಲೈಬ್ರರಿ ಇರಬೇಕು. ಒಂದು ಸರ್ವರ್ ಹಿಂದೆ ಬಿದ್ದರೆ ಉಳಿದ 127 ಕಾದು ನಿಲ್ಲುತ್ತವೆ, ಏಕೆಂದರೆ ಇಂಥ ತರಬೇತಿಯಲ್ಲಿ ಪ್ರತಿ ಹೆಜ್ಜೆಯ ಕೊನೆಗೂ ಎಲ್ಲ ಜಿಪಿಯುಗಳು ತಮ್ಮ ಫಲಿತಾಂಶವನ್ನು ಹಂಚಿಕೊಳ್ಳಬೇಕು.

ಡ್ರೈವರ್ ಎಂಬುದು ಒಂದು ಫೈಲಲ್ಲ. ಎನ್‌ವಿಡಿಯಾ ಡ್ರೈವರಿನಲ್ಲಿ ಮೊದಲನೆಯದು ಕರ್ನಲ್ಲಿನೊಳಗೆ ಸೇರುವ ಮಾಡ್ಯೂಲ್‌ಗಳ ಗುಂಪು: ಮೂಲ ಎನ್‌ವಿಡಿಯಾ ಮಾಡ್ಯೂಲ್, ಸಿಪಿಯು ಮತ್ತು ಜಿಪಿಯು ಮೆಮೊರಿಯನ್ನು ಒಂದಾಗಿ ಕಾಣಿಸುವ ಯುವಿಎಂ, ಪರದೆಗೆ ಸಂಬಂಧಿಸಿದ ಮೋಡ್‌ಸೆಟ್ ಮತ್ತು ಡಿಆರ್‌ಎಂ. ಎರಡನೆಯದು ಕರ್ನಲ್ಲಿನ ಹೊರಗೆ ಬಳಕೆದಾರನ ಮಟ್ಟದಲ್ಲಿರುವ ಲೈಬ್ರರಿಗಳು. ಜಿಪಿಯುವಿನಿಂದ ಲೆಕ್ಕ ಮಾಡಿಸುವ ಎನ್‌ವಿಡಿಯಾ ವೇದಿಕೆಯಾದ ಕುಡಾ ಆಧಾರಿತ ಪ್ರೋಗ್ರಾಮುಗಳೆಲ್ಲ ಕರೆಯುವುದು ಇವುಗಳಲ್ಲಿನ ಲಿಬ್‌ಕುಡಾವನ್ನು. ಎನ್‌ವಿಡಿಯಾ-ಎಸ್‌ಎಂಐ ಎಂಬ ತಪಾಸಣೆಯ ಆಜ್ಞೆ ಕರೆಯುವುದು ಎನ್‌ವಿಎಂಎಲ್ ಎಂಬ ಇನ್ನೊಂದನ್ನು. ಮೂರನೆಯದು 2018ರ ಟ್ಯೂರಿಂಗ್ ಪೀಳಿಗೆಯಿಂದೀಚೆಗೆ ಕಾರ್ಡಿನೊಳಗೇ ಕೂತಿರುವ ಜಿಎಸ್‌ಪಿ ಎಂಬ ಪುಟ್ಟ ಸಂಸ್ಕಾರಕದ ಮೇಲೆ ಓಡುವ ಫರ್ಮ್‌ವೇರ್. ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಮಾಡ್ಯೂಲೂ ಲೈಬ್ರರಿಯೂ ಸರಿಸಮ ಹೆಜ್ಜೆ ಇಡಬೇಕು; ಆವೃತ್ತಿಯ ಸಂಖ್ಯೆ ಕೊನೆಯ ಅಂಕಿಯವರೆಗೂ ಒಂದೇ ಆಗಿರಬೇಕು. ಅಲ್ಲಿ ಅಂಕಿಯೊಂದು ಬೇರೆಯಾದರೂ ಎನ್‌ವಿಡಿಯಾ-ಎಸ್‌ಎಂಐ ಕೋಷ್ಟಕದ ಬದಲು ದೋಷದ ಸಾಲು ಬರೆದು ನಿಲ್ಲುತ್ತದೆ: ಡ್ರೈವರ್ ಮತ್ತು ಲೈಬ್ರರಿಯ ಆವೃತ್ತಿ ಹೊಂದುತ್ತಿಲ್ಲ. ಇದನ್ನು ನೋಡಿ ಗಾಬರಿಗೊಂಡು ಎಲ್ಲವನ್ನೂ ಕಿತ್ತು ಮತ್ತೆ ಹಾಕುವವರು ಬಹಳ. ಹೆಚ್ಚಿನ ಸಲ ನಡೆದಿರುವುದು ಇಷ್ಟೇ: ಸರ್ವರ್ ಓಡುತ್ತಿರುವಾಗಲೇ ಹೊಸ ಲೈಬ್ರರಿ ಡಿಸ್ಕಿಗೆ ಬಂದಿದೆ, ಹಳೆಯ ಮಾಡ್ಯೂಲ್ ಇನ್ನೂ ಮೆಮೊರಿಯಲ್ಲಿದೆ. ಒಂದು ರೀಬೂಟ್ ಸಾಕು.

ಇಷ್ಟು ಬಿಗಿಯಾದ ಹೊಂದಾಣಿಕೆ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಇತಿಹಾಸದಲ್ಲಿದೆ. ಲಿನಕ್ಸ್ ಕರ್ನಲ್ ತನ್ನ ಒಳಗಿನ ಸಂಪರ್ಕ ವಿಧಾನಗಳನ್ನು ಸ್ಥಿರವಾಗಿಡುವ ಭರವಸೆಯನ್ನು ಯಾವತ್ತೂ ಕೊಟ್ಟಿಲ್ಲ. ಕರ್ನಲ್ ಆಕರದ ಜೊತೆಗೇ ಇರುವ ಡ್ರೈವರುಗಳನ್ನು ಬದಲಾವಣೆ ಮಾಡಿದವರೇ ತಿದ್ದುತ್ತಾರೆ, ಹೊರಗಿರುವವು ತಮ್ಮ ಪಾಡು ತಾವು ನೋಡಿಕೊಳ್ಳಬೇಕು ಎಂಬುದು ಅದರ ನೀತಿ. ಎಎಂಡಿಯ ಈಗಿನ ಡ್ರೈವರ್ 2015ರ 4.2ನೇ ಕರ್ನಲ್ಲಿನಿಂದ ಒಳಗೇ ಇದೆ. ಎನ್‌ವಿಡಿಯಾ ದಶಕಗಳ ಕಾಲ ಮುಚ್ಚಿದ ಆಕರದ ಮಾಡ್ಯೂಲನ್ನು ಹೊರಗಿನಿಂದ ತಂದು ಸೇರಿಸುವ ದಾರಿ ಹಿಡಿಯಿತು. ಅದಕ್ಕೆ ಪರ್ಯಾಯವಾಗಿ ಸ್ವಯಂಸೇವಕರು ಕಾರ್ಡಿನ ವರ್ತನೆಯನ್ನು ಹೊರಗಿನಿಂದ ಗಮನಿಸಿ ಕಟ್ಟಿದ ನೂವೋ 2010ರಲ್ಲಿ 2.6.33ನೇ ಕರ್ನಲ್ಲಿಗೆ ಸೇರಿತು. ಪರದೆಗೆ ಅದು ಸಾಕಾಗುತ್ತದೆ, ಕುಡಾ ಅದರ ಮೇಲೆ ಓಡುವುದಿಲ್ಲ. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಲಿನಕ್ಸ್ ಕರ್ನಲ್ಲಿನ ಜನಕ ಲಿನಸ್ ಟೊರ್ವಾಲ್ಡ್ಸ್ ಎನ್‌ವಿಡಿಯಾ ಮೇಲಿನ ಸಿಟ್ಟನ್ನು ಬೆರಳೆತ್ತಿ ತೋರಿಸಿದ ಪ್ರಸಂಗ ಎಲ್ಲರಿಗೂ ಗೊತ್ತು. ಅದರ ಹಿಂದಿದ್ದದ್ದು ಈ ಹೊರಗಿನ ಮಾಡ್ಯೂಲಿನ ತೊಂದರೆಯನ್ನು ವರ್ಷಗಳ ಕಾಲ ಅನುಭವಿಸಿದ ಕರ್ನಲ್ ಬಳಗದ ಬೇಸರ. 2022ರ ಮೇ ತಿಂಗಳಲ್ಲಿ 515ನೇ ಸರಣಿಯೊಂದಿಗೆ ಎನ್‌ವಿಡಿಯಾ ತನ್ನ ಕರ್ನಲ್ ಮಾಡ್ಯೂಲಿನ ಆಕರವನ್ನು ಬಿಡುಗಡೆ ಮಾಡಿತು. 2024ರಲ್ಲಿ 560ನೇ ಸರಣಿಯಿಂದ ಟ್ಯೂರಿಂಗ್ ಮತ್ತು ಅದಕ್ಕಿಂತ ಹೊಸ ಕಾರ್ಡುಗಳಿಗೆ ಮುಕ್ತ ಮಾಡ್ಯೂಲೇ ಪೂರ್ವನಿಯೋಜಿತ ಆಯ್ಕೆಯಾಯಿತು. ಗ್ರೇಸ್ ಹಾಪರ್ ಮತ್ತು ಬ್ಲ್ಯಾಕ್‌ವೆಲ್ ಪೀಳಿಗೆಗಳಿಗೆ ಅದರ ಹೊರತು ಬೇರೆ ದಾರಿಯಿಲ್ಲ. ಪಾಸ್ಕಲ್ ಮತ್ತು ವೋಲ್ಟಾ ಕಾರ್ಡುಗಳಲ್ಲಿ ಜಿಎಸ್‌ಪಿ ಇಲ್ಲದ ಕಾರಣ ಅವಕ್ಕೆ ಮುಚ್ಚಿದ ಮಾಡ್ಯೂಲೇ ಬೇಕು. ಆದ್ದರಿಂದ ಸರ್ವರ್ ಬಾಡಿಗೆಗೆ ಹಿಡಿದವರು ಮೊದಲು ತಿಳಿಯಬೇಕಾದದ್ದು ಕಾರ್ಡಿನ ಪೀಳಿಗೆ. ಟಿ4 ಟ್ಯೂರಿಂಗ್, ಎ100 ಆಂಪಿಯರ್, ಎಲ್4 ಅಡಾ, ಎಚ್100 ಹಾಪರ್. ಇವೆಲ್ಲಕ್ಕೂ ಮುಕ್ತ ಮಾಡ್ಯೂಲ್ ಹೊಂದುತ್ತದೆ. ವಿ100 ವೋಲ್ಟಾ, ಅದಕ್ಕೆ ಹೊಂದುವುದಿಲ್ಲ. ಎಲ್‌ಎಸ್‌ಪಿಸಿಐ ಎಂಬ ಆಜ್ಞೆ ಕೊಟ್ಟರೆ ಡ್ರೈವರ್ ಇಲ್ಲದಿದ್ದರೂ ಕಾರ್ಡಿನ ಹೆಸರು ಕಾಣುತ್ತದೆ.

ಕಾರ್ಡ್ ಕಂಡ ಮಾತ್ರಕ್ಕೆ ಅದು ಪೂರ್ತಿ ನಿಮ್ಮದು ಎಂದಲ್ಲ. ಕ್ಲೌಡಿನಲ್ಲಿ ಜಿಪಿಯು ಬಾಡಿಗೆದಾರನ ಕೈಸೇರುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಪಾಸ್‌ಥ್ರೂ ಪದ್ಧತಿಯಲ್ಲಿ ಇಡೀ ಕಾರ್ಡನ್ನು ಒಂದು ವರ್ಚುವಲ್ ಯಂತ್ರಕ್ಕೆ ನೇರವಾಗಿ ಒಪ್ಪಿಸುತ್ತಾರೆ. ಅಲ್ಲಿ ಎನ್‌ವಿಡಿಯಾ ಸಾರ್ವಜನಿಕವಾಗಿ ಕೊಡುವ ಡೇಟಾ ಸೆಂಟರ್ ಡ್ರೈವರ್ ಸರಿಹೋಗುತ್ತದೆ. ವಿಜಿಪಿಯು ಪದ್ಧತಿಯಲ್ಲಿ ಒಂದೇ ಕಾರ್ಡನ್ನು ಹೋಳು ಮಾಡಿ ಹಲವರಿಗೆ ಹಂಚುತ್ತಾರೆ. ಅಜೂರಿನ ಎ10 ಸರಣಿಯ ಕೆಲವು ಯಂತ್ರಗಳಲ್ಲಿ ಕಾರ್ಡಿನ ಆರನೇ ಒಂದು ಪಾಲನ್ನೂ ಬಾಡಿಗೆಗೆ ಪಡೆಯಬಹುದು. ಅಲ್ಲಿ ಗ್ರಿಡ್ ಎಂಬ ಪ್ರತ್ಯೇಕ, ಪರವಾನಗಿ ಬೇಕಾದ ಡ್ರೈವರನ್ನು ಕ್ಲೌಡ್ ಸಂಸ್ಥೆ ಕೊಟ್ಟ ಆವೃತ್ತಿಯಲ್ಲೇ ಹಾಕಬೇಕು, ಯಾಕೆಂದರೆ ಅದು ಕೆಳಗಿನ ಆತಿಥೇಯ ಯಂತ್ರದ ತಂತ್ರಾಂಶಕ್ಕೆ ಹೊಂದಬೇಕು. ಸಾಮಾನ್ಯ ಡ್ರೈವರನ್ನು ಅಲ್ಲಿ ಹಾಕಿ ದಿನಗಟ್ಟಲೆ ಹೆಣಗುವುದು ವ್ಯರ್ಥ. ಯಂತ್ರದ ಮಾದರಿಯ ವಿವರಣೆಯನ್ನು ಬಾಡಿಗೆಗೆ ಮುಂಚೆ ಓದಿದರೆ ಈ ಕಷ್ಟ ತಪ್ಪುತ್ತದೆ. ಅಗ್ಗದ ಜಿಫೋರ್ಸ್ ಕಾರ್ಡುಗಳು ದೊಡ್ಡ ಕ್ಲೌಡುಗಳಲ್ಲಿ ಯಾಕೆ ಸಿಗುವುದಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ: ಆ ಕಾರ್ಡಿನ ಡ್ರೈವರನ್ನು ಡೇಟಾ ಸೆಂಟರುಗಳಲ್ಲಿ ಬಳಸಬಾರದೆಂಬ ಷರತ್ತನ್ನು ಎನ್‌ವಿಡಿಯಾ 2017ರ ಕೊನೆಯಲ್ಲಿ ಪರವಾನಗಿಗೆ ಸೇರಿಸಿತು. ಅಡ್ಡಿಯಿರುವುದು ಕಾರ್ಡಿನ ಸಾಮರ್ಥ್ಯದಲ್ಲಿ ಅಲ್ಲ, ಡ್ರೈವರಿನ ಪರವಾನಗಿಯಲ್ಲಿ.

ಡ್ರೈವರ್ ಹಾಕುವ ವಿಧಾನಗಳು ಮುಖ್ಯವಾಗಿ ಮೂರು. ಎನ್‌ವಿಡಿಯಾ ತಾಣದಿಂದ ರನ್ ಫೈಲ್ ಇಳಿಸಿ ನೇರವಾಗಿ ಓಡಿಸುವುದು ಒಂದು. ಎನ್‌ವಿಡಿಯಾ ನಡೆಸುವ ಪ್ಯಾಕೇಜ್ ಭಂಡಾರವನ್ನು ಸೇರಿಸಿಕೊಳ್ಳುವುದು ಇನ್ನೊಂದು. ಉಬುಂಟುವಿನಂಥ ವಿತರಣೆಯೇ ಪರೀಕ್ಷಿಸಿ, ಸಹಿ ಹಾಕಿ ಕೊಡುವ ಪ್ಯಾಕೇಜನ್ನು ಬಳಸುವುದು ಮೂರನೆಯದು. ರನ್ ಫೈಲಿನ ಪರವಾಗಿ ಹೇಳುವ ಮಾತು ಸುಳ್ಳಲ್ಲ: ಅದು ಎಲ್ಲಕ್ಕಿಂತ ಹೊಸದು, ಯಾವ ವಿತರಣೆಯಲ್ಲಾದರೂ ಓಡುತ್ತದೆ. ಆದರೆ ಅದು ಹಾಕಿದ ಫೈಲುಗಳ ಬಗ್ಗೆ ಪ್ಯಾಕೇಜ್ ವ್ಯವಸ್ಥೆಗೆ ಏನೂ ತಿಳಿದಿರುವುದಿಲ್ಲ. ಮುಂದೆ ಯಾವುದೋ ಅವಲಂಬನೆಯ ಹೆಸರಿನಲ್ಲಿ ಪ್ಯಾಕೇಜ್ ವ್ಯವಸ್ಥೆ ತನ್ನದೇ ಲಿಬ್‌ಕುಡಾವನ್ನು ತಂದಿಟ್ಟರೆ ಎರಡು ಆವೃತ್ತಿಗಳು ಒಂದೇ ಸರ್ವರಿನಲ್ಲಿ ಉಳಿಯುತ್ತವೆ, ಯಾವುದು ಯಾವಾಗ ಕರೆಗೆ ಸಿಗುತ್ತದೆ ಎಂದು ಹೇಳಲಾಗುವುದಿಲ್ಲ. ಒಂದು ಸಂಜೆಯ ಪ್ರಯೋಗಕ್ಕೆ ರನ್ ಫೈಲ್ ಆದೀತು. ತಿಂಗಳುಗಟ್ಟಲೆ ಓಡಬೇಕಾದ ಸರ್ವರಿಗೆ ಅದನ್ನು ಹಾಕುವುದು ತಪ್ಪೆಂದೇ ಹೇಳಬೇಕು.

ಪ್ಯಾಕೇಜ್ ದಾರಿ ಹಿಡಿದ ಮೇಲೂ ಒಂದು ಕವಲಿದೆ. ಡಿಕೆಎಂಎಸ್ ಎಂಬುದು ಡೆಲ್ ಕಂಪನಿಯವರು ರೂಪಿಸಿದ ವ್ಯವಸ್ಥೆ. ಹೊಸ ಕರ್ನಲ್ ಬಂದಾಗಲೆಲ್ಲ ಅದು ಹೊರಗಿನ ಮಾಡ್ಯೂಲನ್ನು ಅದೇ ಸರ್ವರಿನಲ್ಲಿ ಮತ್ತೆ ಕಂಪೈಲ್ ಮಾಡುತ್ತದೆ. ಅದಕ್ಕೆ ಆ ಕರ್ನಲ್ಲಿನ ಹೆಡರ್ ಫೈಲುಗಳೂ ಸರಿಯಾದ ಕಂಪೈಲರೂ ಸ್ಥಳದಲ್ಲಿರಬೇಕು. ಉಬುಂಟು 22.04ಕ್ಕೆ 2024ರ ಆರಂಭದಲ್ಲಿ 6.5ನೇ ಕರ್ನಲ್ ಬಂದಾಗ ಆದದ್ದನ್ನು ನೋಡಿದರೆ ಇದು ಎಷ್ಟು ಸೂಕ್ಷ್ಮವೆಂದು ತಿಳಿಯುತ್ತದೆ. ಆ ಕರ್ನಲ್ ಕಟ್ಟಿದ್ದು ಜಿಸಿಸಿ 12ರಲ್ಲಿ, ಆ ಉಬುಂಟುವಿನ ಸಹಜ ಕಂಪೈಲರ್ ಜಿಸಿಸಿ 11. ಹೊಸ ಕಂಪೈಲರಿಗೆ ಮಾತ್ರ ತಿಳಿದಿದ್ದ ಒಂದು ಸೂಚನೆಯನ್ನು ಕರ್ನಲ್ ಕೇಳಿತು, ಹಳೆಯದು ಗೊತ್ತಿಲ್ಲವೆಂದಿತು, ಮಾಡ್ಯೂಲ್ ಕಟ್ಟುವ ಕೆಲಸ ಮಧ್ಯದಲ್ಲೇ ನಿಂತಿತು. ಡ್ರೈವರಿನಲ್ಲಿ ದೋಷವಿರಲಿಲ್ಲ, ಕರ್ನಲ್ಲಿನಲ್ಲೂ ಇರಲಿಲ್ಲ; ಎರಡನ್ನೂ ಜೋಡಿಸುವ ಕೆಲಸ ಪ್ರತಿ ಸರ್ವರಿನ ಮೇಲೂ ಪ್ರತ್ಯೇಕವಾಗಿ ನಡೆಯುತ್ತಿದ್ದದ್ದೇ ತೊಡಕಿನ ಮೂಲ. ಇದಕ್ಕೆ ಪರಿಹಾರವಾಗಿ ಉಬುಂಟು ಪ್ರತಿ ಕ್ಲೌಡ್ ಕರ್ನಲ್ಲಿಗೂ ಮೊದಲೇ ಕಂಪೈಲ್ ಮಾಡಿ ಸಹಿ ಹಾಕಿದ ಮಾಡ್ಯೂಲ್ ಪ್ಯಾಕೇಜುಗಳನ್ನು ಕೊಡುತ್ತದೆ. ಲಿನಕ್ಸ್-ಮಾಡ್ಯೂಲ್ಸ್-ಎನ್‌ವಿಡಿಯಾ ಎಂದು ಶುರುವಾಗುವ ಆ ಹೆಸರುಗಳಲ್ಲಿ ಡ್ರೈವರ್ ಸರಣಿ, ಸರ್ವರ್ ಎಂಬ ಗುರುತು, ಮುಕ್ತ ಮಾಡ್ಯೂಲೆಂಬ ಗುರುತು, ಕೊನೆಗೆ ಕ್ಲೌಡಿನ ಹೆಸರು ಇರುತ್ತವೆ. ಹೊಸ ಕರ್ನಲ್ ಬಂದಾಗ ಅದಕ್ಕೆ ತಕ್ಕ ಮಾಡ್ಯೂಲೂ ಜೊತೆಗೇ ಬರುತ್ತದೆ. ಯಂತ್ರದಲ್ಲಿ ಕಂಪೈಲರ್ ಕೂಡ ಬೇಕಿಲ್ಲ. ಉಬುಂಟು-ಡ್ರೈವರ್ಸ್ ಎಂಬ ಆಜ್ಞೆಗೆ ಜಿಪಿಜಿಪಿಯು ಎಂಬ ಆಯ್ಕೆ ಕೊಟ್ಟರೆ ಪರದೆಯ ಗೋಜಿಲ್ಲದ ಸರ್ವರ್ ಡ್ರೈವರುಗಳನ್ನೇ ಅದು ಆರಿಸುತ್ತದೆ.

ಸಹಿಯ ಪ್ರಶ್ನೆ ಇಲ್ಲಿ ಮುಖ್ಯ. ಸೆಕ್ಯೂರ್ ಬೂಟ್ ಚಾಲೂ ಇರುವ ಯಂತ್ರದಲ್ಲಿ ನಂಬಿಕೆಯ ಕೀಲಿಯಿಂದ ಸಹಿಯಾಗದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಡಿಕೆಎಂಎಸ್ ತಾನು ಕಟ್ಟಿದ ಮಾಡ್ಯೂಲಿಗೆ ತನ್ನದೇ ಕೀಲಿಯಿಂದ ಸಹಿ ಹಾಕುತ್ತದೆ. ಆ ಕೀಲಿಯನ್ನು ಯಂತ್ರದ ಪಟ್ಟಿಗೆ ಸೇರಿಸಲು ಒಂದು ಪಾಸ್‌ವರ್ಡ್ ಕೇಳಿ, ರೀಬೂಟ್ ಮಾಡಿ ಎನ್ನುತ್ತದೆ. ರೀಬೂಟಾದಾಗ ಕರ್ನಲ್ ಏಳುವ ಮೊದಲೇ ನೀಲಿ ಬಣ್ಣದ ಒಂದು ಪರದೆ ತೆರೆದು, ಕೀಲಿ ಸೇರಿಸಬೇಕಿದ್ದರೆ ಯಾವುದಾದರೂ ಗುಂಡಿ ಒತ್ತಿ ಎಂದು 10 ಸೆಕೆಂಡ್ ಕಾಯುತ್ತದೆ. ಲ್ಯಾಪ್‌ಟಾಪಿನ ಮುಂದೆ ಕುಳಿತವರು ಒತ್ತುತ್ತಾರೆ. ಐರೋಲಿಯ ಕಟ್ಟಡದಲ್ಲಿರುವ ವರ್ಚುವಲ್ ಯಂತ್ರದಲ್ಲಿ ಆ ಹತ್ತು ಸೆಕೆಂಡು ಯಾರ ಕಣ್ಣಿಗೂ ಬೀಳದೆ ಕಳೆದುಹೋಗುತ್ತದೆ. ಸರ್ವರ್ ಏಳುತ್ತದೆ, ಎಸ್‌ಎಸ್‌ಎಚ್ ಸಿಗುತ್ತದೆ, ಡ್ರೈವರ್ ಮಾತ್ರ ಕೀಲಿ ತಿರಸ್ಕೃತವಾಯಿತು ಎಂದು ಹೇಳಿ ಹೊರಗೇ ಉಳಿಯುತ್ತದೆ. ಕ್ಲೌಡ್ ಸಂಸ್ಥೆಗಳು ಸೀರಿಯಲ್ ಕನ್ಸೋಲ್ ಕೊಡುತ್ತವಲ್ಲ ಎಂದು ಆಕ್ಷೇಪಿಸಬಹುದು. ಕೊಡುತ್ತವೆ, ಎಲ್ಲ ಯಂತ್ರಗಳಿಗೂ ಅಲ್ಲ. ಕೊಟ್ಟರೂ 128 ಸರ್ವರಿನ ಕನ್ಸೋಲುಗಳಲ್ಲಿ ಒಂದೊಂದಾಗಿ ಗುಂಡಿ ಒತ್ತುತ್ತ ಕೂರುವುದು ಕೆಲಸವಲ್ಲ. ಸೆಕ್ಯೂರ್ ಬೂಟನ್ನೇ ಬಂದ್ ಮಾಡಿಬಿಡಿ ಎನ್ನುವವರೂ ಇದ್ದಾರೆ. ಸ್ವಂತ ಪ್ರಯೋಗದ ಯಂತ್ರಕ್ಕೆ ಅದು ನಡೆದೀತು. ಬೇರೆಯವರ ದನಿ, ಬೇರೆಯವರ ದಾಖಲೆ ಇಟ್ಟುಕೊಂಡ ಯಂತ್ರದಲ್ಲಿ ಒಂದು ಡ್ರೈವರಿಗಾಗಿ ಕಾವಲನ್ನೇ ತೆಗೆಯುವುದು ದುಬಾರಿ ಸಲಹೆ. ವಿತರಣೆ ಸಹಿ ಹಾಕಿದ ಪ್ಯಾಕೇಜ್ ಬಳಸಿದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ಅಪ್‌ಡೇಟಿನ ವಿಷಯ. ಉಬುಂಟು ಸರ್ವರುಗಳು ಭದ್ರತಾ ತಿದ್ದುಪಡಿಗಳನ್ನು ತಾವಾಗಿಯೇ ಹಾಕಿಕೊಳ್ಳುತ್ತವೆ. ರಾತ್ರಿ ಚೆನ್ನಾಗಿ ಓಡುತ್ತಿದ್ದ ಸರ್ವರ್ ಬೆಳಿಗ್ಗೆ ಜಿಪಿಯು ಕಾಣುತ್ತಿಲ್ಲ ಎನ್ನುವುದು ಹೆಚ್ಚಾಗಿ ಇದರಿಂದ. ಹಾಗಾಗಿ ಕರ್ನಲ್ಲನ್ನೂ ಡ್ರೈವರನ್ನೂ ಬದಲಾಗದಂತೆ ಹಿಡಿದಿಡುವುದು ವೃತ್ತಿಪರರ ರೂಢಿ. ಇದಕ್ಕೆ ಬರುವ ಆಕ್ಷೇಪ ಗಟ್ಟಿಯಾದದ್ದು: ಹಿಡಿದಿಟ್ಟರೆ ತೂತುಗಳೂ ಹಾಗೇ ಉಳಿಯುತ್ತವೆ. ಎನ್‌ವಿಡಿಯಾ ಡ್ರೈವರಿನ ಭದ್ರತಾ ಪ್ರಕಟಣೆಗಳು ವರ್ಷಕ್ಕೆ ಹಲವು ಸಲ ಬರುತ್ತವೆ. 2025ರ ಜುಲೈನಲ್ಲಿ ವಿಜ್ ಎಂಬ ಭದ್ರತಾ ಸಂಸ್ಥೆ, ಪ್ರತ್ಯೇಕಿಸಿದ ಕಂಟೈನರುಗಳಿಗೆ ಜಿಪಿಯು ಒದಗಿಸುವ ಎನ್‌ವಿಡಿಯಾ ಕಂಟೈನರ್ ಟೂಲ್‌ಕಿಟ್ಟಿನಲ್ಲಿ ಹೊರಗೆಡಹಿದ ದೋಷವಂತೂ ಕಂಟೈನರಿನ ಒಳಗಿದ್ದವರು ಇಡೀ ಆತಿಥೇಯ ಯಂತ್ರದ ಮೇಲೆ ಹಿಡಿತ ಸಾಧಿಸಲು ದಾರಿ ಮಾಡಿಕೊಡುವಂಥದ್ದು. ಹಲವು ಬಾಡಿಗೆದಾರರು ಒಂದೇ ಜಿಪಿಯು ಯಂತ್ರ ಹಂಚಿಕೊಳ್ಳುವ ಕಡೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಹಿಡಿದಿಡುವುದೆಂದರೆ ಕೈಬಿಡುವುದಲ್ಲ. ಕರ್ನಲ್, ಡ್ರೈವರ್, ಕಂಟೈನರ್ ಟೂಲ್‌ಕಿಟ್ ಮೂರನ್ನೂ ಒಂದು ಕಟ್ಟಾಗಿ ಗಣಿಸಿ, ಹೊಸ ಕಟ್ಟನ್ನು ಮೊದಲು ಒಂದೇ ಸರ್ವರಿನಲ್ಲಿ ಹಾಕಿ, ರೀಬೂಟ್ ಮಾಡಿ, ನಿಜವಾದ ಕೆಲಸ ಓಡಿಸಿ ನೋಡಿ, ಆ ಸರ್ವರಿನ ಪ್ರತಿಬಿಂಬ (ಇಮೇಜ್) ತೆಗೆದಿಟ್ಟು, ಉಳಿದವನ್ನು ಅದರಿಂದ ಎಬ್ಬಿಸುವುದು. ಹಳೆಯ ಪ್ರತಿಬಿಂಬ ಕೈಯಲ್ಲಿರುವವರೆಗೂ ಹಿಂದಿರುಗುವ ದಾರಿ ತೆರೆದೇ ಇರುತ್ತದೆ. ತಾನಾಗಿ ನಡೆಯುವ ಅಪ್‌ಡೇಟನ್ನು ನಿಲ್ಲಿಸಿ, ಈ ಕೆಲಸಕ್ಕೆ ದಿನ ಗೊತ್ತುಮಾಡದೆ ಬಿಟ್ಟವರ ಸರ್ವರು ಎರಡೂ ಕಡೆಯ ಕೆಡುಕನ್ನು ಹೊತ್ತಿರುತ್ತದೆ.

ಕ್ಲೌಡ್ ಸಂಸ್ಥೆಗಳೇ ಡ್ರೈವರ್ ಹಾಕಿದ ಸಿದ್ಧ ಪ್ರತಿಬಿಂಬ ಕೊಡುವಾಗ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆ ಸಹಜ. ಮೊದಲ ದಿನಕ್ಕೆ ಅದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಹೊಸಬರು ಅಲ್ಲಿಂದಲೇ ಶುರುಮಾಡಬೇಕು. ಆದರೆ ಸಿದ್ಧ ಪ್ರತಿಬಿಂಬ ಉತ್ತರಿಸುವುದು ಮೊದಲ ದಿನದ ಪ್ರಶ್ನೆಗೆ ಮಾತ್ರ. ಹೊಸ ಕರ್ನಲ್ ಬರುವ ದಿನ, ಸಂಸ್ಥೆ ಬದಲಿಸುವ ದಿನ, ಟಿ4ರಿಂದ ಎಚ್100ಕ್ಕೆ ಏರುವ ದಿನ ಹೊಂದಾಣಿಕೆಯ ಹೊಣೆ ಮತ್ತೆ ಬಾಡಿಗೆದಾರನ ಹೆಗಲಿಗೇ ಬರುತ್ತದೆ. ಎಚ್100ರ ಎಂಟರ ಗುಂಪಿರುವ ಸರ್ವರಿನಲ್ಲಿ ಕಾರ್ಡುಗಳನ್ನು ಒಂದಕ್ಕೊಂದು ಹೆಣೆಯುವ ಎನ್‌ವಿಸ್ವಿಚ್‌ಗಾಗಿ ಫ್ಯಾಬ್ರಿಕ್ ಮ್ಯಾನೇಜರ್ ಎಂಬ ಇನ್ನೊಂದು ಸೇವೆ ಬೇಕು, ಅದರ ಆವೃತ್ತಿಯೂ ಡ್ರೈವರಿನದ್ದೇ ಆಗಿರಬೇಕು. ಅದು ಓಡದಿದ್ದರೆ ಎನ್‌ವಿಡಿಯಾ-ಎಸ್‌ಎಂಐ ಎಂಟೂ ಕಾರ್ಡುಗಳನ್ನು ಚೆನ್ನಾಗಿಯೇ ತೋರಿಸುತ್ತದೆ, ಕುಡಾ ಪ್ರೋಗ್ರಾಂ ಮಾತ್ರ ವ್ಯವಸ್ಥೆ ಇನ್ನೂ ಸಿದ್ಧವಾಗಿಲ್ಲ ಎಂಬ 802ನೇ ದೋಷ ಹೇಳಿ ನಿಲ್ಲುತ್ತದೆ. ಒಂದು ಕಾರ್ಡಿನ ಟಿ4 ಯಂತ್ರದಲ್ಲಿ ಕಲಿತವರಿಗೆ ಈ ಸೇವೆಯ ಹೆಸರೇ ಹೊಸತು.

ಎನ್‌ವಿಡಿಯಾ-ಎಸ್‌ಎಂಐ ಕೋಷ್ಟಕದ ಬಗ್ಗೆಯೇ ಇನ್ನೊಂದು ಮಾತು, ಯಾಕೆಂದರೆ ಇಲ್ಲಿ ಅನುಭವಸ್ಥರೂ ಎಡವುತ್ತಾರೆ. ಅದರ ಬಲ ಮೇಲ್ತುದಿಯಲ್ಲಿ ಕುಡಾ ಆವೃತ್ತಿ ಎಂದೊಂದು ಅಂಕಿ ಇರುತ್ತದೆ; 550ನೇ ಸರಣಿಯಲ್ಲಿ 12.4, 570ರಲ್ಲಿ 12.8. ಅದು ಯಂತ್ರದಲ್ಲಿರುವ ಕುಡಾ ಟೂಲ್‌ಕಿಟ್ಟಿನ ಆವೃತ್ತಿಯಲ್ಲ, ಆ ಡ್ರೈವರ್ ಬೆಂಬಲಿಸಬಲ್ಲ ಗರಿಷ್ಠ ಆವೃತ್ತಿ. ಟೂಲ್‌ಕಿಟ್ ಹಾಕದೇ ಇದ್ದರೂ ಆ ಅಂಕಿ ಕಾಣುತ್ತದೆ. ಅದನ್ನು ನೋಡಿ ಟೂಲ್‌ಕಿಟ್ ಇದೆ ಎಂದುಕೊಳ್ಳುವುದು, ಇಲ್ಲವೇ ತಮ್ಮ ಪ್ರೋಗ್ರಾಂ 12.1ರದ್ದು, ಇಲ್ಲಿ 12.4 ಇದೆ ಎಂದು ಡ್ರೈವರನ್ನು ಇಳಿಸಲು ಹೊರಡುವುದು, ಎರಡೂ ಬೇಡದ ಶ್ರಮ. ಹೊಸ ಡ್ರೈವರ್ ಹಳೆಯ ಕುಡಾ ಪ್ರೋಗ್ರಾಮುಗಳನ್ನು ಓಡಿಸುತ್ತದೆ. 12ನೇ ಸರಣಿಯ ಒಳಗೆ 525.60.13 ಅಥವಾ ಅದಕ್ಕಿಂತ ಹೊಸ ಡ್ರೈವರ್ ಇದ್ದರೆ ಬಹುಪಾಲು ಕೆಲಸ ಸಾಗುತ್ತದೆ. ಈ ಹಿಮ್ಮುಖ ಹೊಂದಾಣಿಕೆಯಿಂದಲೇ ಕಂಟೈನರ್ ಪದ್ಧತಿ ಸಾಧ್ಯವಾಗಿದೆ: ಆತಿಥೇಯ ಯಂತ್ರದಲ್ಲಿ ಡ್ರೈವರ್ ಮಾತ್ರ, ಟೂಲ್‌ಕಿಟ್ ಮತ್ತು ಉಳಿದ ಲೈಬ್ರರಿಗಳು ಕಂಟೈನರಿನೊಳಗೆ. 2019ರ ಡಾಕರ್ 19.03ರಿಂದ ಜಿಪಿಯುಗಳನ್ನು ಕಂಟೈನರಿಗೆ ಕೊಡುವ ಆಯ್ಕೆ ಡಾಕರ್ ಆಜ್ಞೆಯಲ್ಲೇ ಇದೆ. ಡ್ರೈವರನ್ನು ಕಂಟೈನರಿನೊಳಗೂ ಹಾಕುವುದು ಸರ್ವೇಸಾಮಾನ್ಯ ತಪ್ಪು. ಮೊದಲು ಹೇಳಿದ ಆವೃತ್ತಿಯ ಜಗಳ ಅಲ್ಲೂ ಏಳುತ್ತದೆ.

ಕೆಟ್ಟದ್ದೆಲ್ಲ ಡ್ರೈವರಿನ ದೋಷವೇ ಎಂದರೆ ಅದೂ ತಪ್ಪು. ಮೆಟಾ ಕಂಪನಿ ಲಾಮಾ 3 ಮಾದರಿಯನ್ನು 16,384 ಎಚ್100ಗಳ ಮೇಲೆ ಕಲಿಸಿದಾಗ 54 ದಿನಗಳಲ್ಲಿ 419 ಅನಿರೀಕ್ಷಿತ ಅಡಚಣೆಗಳಾದವು ಎಂದು 2024ರ ತನ್ನ ವರದಿಯಲ್ಲಿ ಬರೆದಿದೆ. ಅವುಗಳಲ್ಲಿ ಶೇ 30ರಷ್ಟು ಜಿಪಿಯುವಿನದೇ ಕೆಡುಕು, ಶೇ 17ರಷ್ಟು ಅದರ ಎಚ್‌ಬಿಎಂ ಮೆಮೊರಿಯದು; ತಂತ್ರಾಂಶ ದೋಷದ ಪಾಲು ಶೇ 13ರ ಆಸುಪಾಸು. ಕರ್ನಲ್ ದಾಖಲೆಯಲ್ಲಿ ಎಕ್ಸ್‌ಐಡಿ ಎಂಬ ಹೆಸರಿನ ಸಾಲುಗಳನ್ನು ಓದಲು ಬಂದರೆ ಯಾವುದು ಯಾರ ಹೊಣೆ ಎಂದು ತಿಳಿಯುತ್ತದೆ. 79 ಎಂದರೆ ಕಾರ್ಡ್ ಯಂತ್ರದ ಪಿಸಿಐ ಸಂಪರ್ಕದಿಂದಲೇ ಕಳಚಿಕೊಂಡಿದೆ, 48 ಎಂದರೆ ಸರಿಪಡಿಸಲಾಗದ ಮೆಮೊರಿ ದೋಷ. ಇವು ಕಂಡರೆ ಡ್ರೈವರ್ ಮತ್ತೆ ಹಾಕುತ್ತ ಕೂರದೆ ಆ ಯಂತ್ರ ಬಿಟ್ಟು ಬೇರೆ ಪಡೆಯಬೇಕು, ಸಂಸ್ಥೆಗೆ ತಿಳಿಸಬೇಕು. ಈ ಅಂಕಿಅಂಶ ಲೇಖನದ ವಾದವನ್ನು ಸಡಿಲಿಸುವುದಿಲ್ಲ, ಬಿಗಿಗೊಳಿಸುತ್ತದೆ. ಯಂತ್ರಾಂಶ ಇಷ್ಟು ಸಲ ಕೈಕೊಡುವುದಾದರೆ, ಬದಲಿ ಸರ್ವರನ್ನು ಅದೇ ಆವೃತ್ತಿಗಳೊಂದಿಗೆ ನಿಮಿಷಗಳಲ್ಲಿ ಎಬ್ಬಿಸಲು ಬರಬೇಕು. ಕೈಯಿಂದ ಹಾಕಿದ ಡ್ರೈವರಿಗೆ ಆ ಗುಣವಿಲ್ಲ.

ಕೊನೆಯ ಆಕ್ಷೇಪ ಆರ್ಥಿಕವಾದದ್ದು. ಸಿದ್ಧ ಸೇವೆಗಳು ಪದಕ್ಕಿಷ್ಟು ಎಂದು ದುಡ್ಡು ತೆಗೆದುಕೊಂಡು ಅನುವಾದ, ಮಾತನ್ನು ಬರಹಕ್ಕಿಳಿಸುವುದು ಎಲ್ಲ ಮಾಡಿಕೊಡುವಾಗ ಸಣ್ಣ ಪ್ರಕಾಶನವೋ ಸಂಘವೋ ಸ್ವಂತ ಸರ್ವರ್ ಯಾಕೆ ಕಟ್ಟಿಕೊಳ್ಳಬೇಕು? ದಿನಕ್ಕೆ ನಾಲ್ಕು ಪುಟದ ಕೆಲಸವಿದ್ದರೆ ಖಂಡಿತ ಬೇಡ. ಮುಂಬಯಿ ಕನ್ನಡಿಗರ ಹಳೆಯ ಸ್ಮರಣಸಂಚಿಕೆ, ಪತ್ರಿಕೆಗಳ ಸಾವಿರಾರು ಪುಟಗಳನ್ನು ಅಕ್ಷರಕ್ಕಿಳಿಸುವುದಾದರೆ, ನೂರಾರು ಗಂಟೆಯ ಯಕ್ಷಗಾನ ಧ್ವನಿಮುದ್ರಣ ಬರಹವಾಗಬೇಕಾದರೆ, ಕರಾವಳಿಯ ಕನ್ನಡ ತಿಳಿಯದ ಮಾದರಿಗೆ ಅದನ್ನು ಕಲಿಸಬೇಕಾದರೆ ಲೆಕ್ಕ ಬದಲಾಗುತ್ತದೆ. ಅದಕ್ಕೆ ಎಚ್100 ಬೇಕಿಲ್ಲ. ಬರೀ 70 ವಾಟ್ ವಿದ್ಯುತ್ತಿನಲ್ಲಿ ಓಡುವ 16 ಜಿಬಿಯ ಟಿ4 ಇಂಥ ಬಹುತೇಕ ಕೆಲಸಕ್ಕೆ ಸಾಲುತ್ತದೆ, ಮುಂಬಯಿ ವಲಯದ ಕ್ಲೌಡುಗಳಲ್ಲಿ ಅದು 2019ರಿಂದಲೇ ಸಿಗುತ್ತಿದೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕಟ್ಟುವವರಿಗೆ ಡ್ರೈವರ್ ಸರಿಪಡಿಸುತ್ತ ಕಳೆದ ಗಂಟೆಗೂ ಅದೇ ದರ. ಪರೀಕ್ಷಿಸಿದ ಪ್ರತಿಬಿಂಬವೊಂದು ಇದ್ದರೆ ಸರ್ವರನ್ನು ಕೆಲಸವಿದ್ದಾಗ ಎಬ್ಬಿಸಿ, ಮುಗಿದೊಡನೆ ಅಳಿಸಬಹುದು.

ಆದರೆ ಅಗ್ಗಕ್ಕೆ ಸಿಗುತ್ತದೆಂದು ವಿ100 ಆರಿಸುವವರು ಒಂದು ವಿಷಯ ತಿಳಿದಿರಬೇಕು. ಮ್ಯಾಕ್ಸ್‌ವೆಲ್, ಪಾಸ್ಕಲ್, ವೋಲ್ಟಾ ಪೀಳಿಗೆಗಳಿಗೆ 580ನೇ ಸರಣಿಯೇ ಕೊನೆಯದು ಎಂದು ಎನ್‌ವಿಡಿಯಾ 2025ರಲ್ಲಿ ಘೋಷಿಸಿದೆ, ಕುಡಾ 13 ಅವನ್ನು ಕೈಬಿಟ್ಟಿದೆ. ಅಂಥ ಕಾರ್ಡಿನ ಸರ್ವರಿನಲ್ಲಿ ಡ್ರೈವರ್ ಸರಣಿಯನ್ನು ಹಿಡಿದಿಡುವುದು ಇನ್ನು ಆಯ್ಕೆಯಲ್ಲ, ಅನಿವಾರ್ಯ. ಹೊಸ ಕಾರ್ಡುಗಳ ದಿಕ್ಕು ಬೇರೆ. 2025ರ ಮೇ ತಿಂಗಳ 6.15ನೇ ಕರ್ನಲ್ಲಿನಲ್ಲಿ ನೋವಾ ಎಂಬ, ರಸ್ಟ್ ಭಾಷೆಯಲ್ಲಿ ಬರೆಯುತ್ತಿರುವ ಮುಕ್ತ ಡ್ರೈವರಿನ ಮೊದಲ ಅಸ್ಥಿಪಂಜರ ಸೇರಿದೆ. ಟ್ಯೂರಿಂಗ್‌ನಿಂದ ಈಚಿನ ಜಿಎಸ್‌ಪಿ ಕಾರ್ಡುಗಳೇ ಅದರ ಗುರಿ. ಅದು ಬೆಳೆದು ಪೂರ್ಣವಾದರೆ ಕರ್ನಲ್ ಕಡೆಯ ಅರ್ಧ ಹೊಂದಾಣಿಕೆಯನ್ನು ಕರ್ನಲ್ ಬರೆಯುವವರೇ ಕಾಯುತ್ತಾರೆ. ಡಿಕೆಎಂಎಸ್, ಹೆಡರ್, ನೀಲಿ ಪರದೆಯ ಕೀಲಿ ಇವುಗಳ ಅಗತ್ಯ ಆ ಮಟ್ಟಿಗೆ ತೀರುತ್ತದೆ. ಬಳಕೆದಾರನ ಮಟ್ಟದ ಕುಡಾ ಲೈಬ್ರರಿ ಮಾತ್ರ ಈಗಲೂ ಮುಚ್ಚಿದ ಆಕರದ್ದೇ, ಅದನ್ನು ತೆರೆಯುವ ಮಾತನ್ನು ಎನ್‌ವಿಡಿಯಾ ಆಡಿಲ್ಲ.